ಬೆಂಟ್ಸಿಲ್ ಮನೆಯ ದೀಕ್ಷಾಸ್ನಾನ

ಮಂಗಳವಾರ ಮೀನುಗಾರರ ಊರಾದ ಅಪಾಮಿನಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ, ಅದು ರೂಢಿ. ದೋಣಿಗಳು ಮರಳಿನ ಮೇಲೆ ಸಾಲಾಗಿ ಮಲಗಿರುತ್ತವೆ, ಗಂಡಸರು ಬಲೆ ಹರಡಿಕೊಂಡು ಹರಿದ ಕಡೆ ಹೆಣೆಯುತ್ತ ಕೂತಿರುತ್ತಾರೆ. ಅವರನ್ನು ಕಂಡು ಮಾತಾಡಬೇಕೆಂದರೆ ಅದೇ ದಿನ. ಸೆನ್ಯೋ ಅಮೆಟೆಫೆ ಮತ್ತು ಅವನ ಜೊತೆಗಾರ ಮುಟಾಸಾ ಬಿಳಿ ಅಂಗಿ, ಟೈ ತೊಟ್ಟು, ಜೇಬಿನ ಮೇಲೆ ಹೆಸರಿನ ಕಪ್ಪು ಪಟ್ಟಿ ಸಿಕ್ಕಿಸಿಕೊಂಡು ಬೆಳಿಗ್ಗೆಯೇ ದಂಡೆಗೆ ಹೊರಟರು.

ಮಾರ್ಮನ್ ಎಂಬ ಕ್ರೈಸ್ತ ಸಭೆಯ ಪ್ರಚಾರಕರು ಇಬ್ಬಿಬ್ಬರಾಗಿಯೇ ಓಡಾಡಬೇಕು; ಒಬ್ಬನನ್ನು ಬಿಟ್ಟು ಇನ್ನೊಬ್ಬ ಬೀದಿ ದಾಟುವಂತಿಲ್ಲ. ಇಪ್ಪತ್ತರ ಸೆನ್ಯೋ ಹೊಹೊಯೆ ಕಡೆಯವನು, ಎವೆ ಮಾತಿನವನು. ಇಲ್ಲಿಯ ಫಾಂಟೆ ಮಾತು ಅವನ ನಾಲಿಗೆಯಲ್ಲಿ ಇನ್ನೂ ಎಡವುತ್ತಿತ್ತು. ಮುಟಾಸಾ ಜಿಂಬಾಬ್ವೆಯವನು, ಎರಡು ವರ್ಷದ ಪ್ರಚಾರಸೇವೆ ಮುಗಿಸಿ ಊರಿಗೆ ಹೊರಡುವ ಹೊತ್ತು ಅವನಿಗೆ ಹತ್ತಿರವಾಗಿತ್ತು. ಸಭೆಯಲ್ಲಿ ಇಬ್ಬರಿಗೂ ‘ಎಲ್ಡರ್’, ಅಂದರೆ ಹಿರಿಯ, ಎಂಬ ಬಿರುದು. ಮೀನು ಹೊಗೆಗಿಡುವ ಹೆಂಗಸರಿಗೆ ಇದಕ್ಕಿಂತ ದೊಡ್ಡ ತಮಾಷೆ ಇರಲಿಲ್ಲ.

“ಬನ್ರಪ್ಪಾ ಹಿರಿಯರೇ! ಮೀಸೆ ಬಂತಾ ಈ ವಾರ?” ಎಂದು ಎಸಿ ಒಲೆಯ ಹಿಂದಿನಿಂದ ಕೂಗಿದಳು.

“ದಾರೀಲಿದೆಯಮ್ಮ, ಬರ್ತಾ ಇದೆ,” ಎಂದ ಮುಟಾಸಾ.

ಎಸಿ ಎಗ್ಯಾ ಬೆಂಟ್ಸಿಲ್‌ನ ಹೆಂಡತಿ. ಎಗ್ಯಾ ಎಂದರೆ ಅಪ್ಪ. ದೋಣಿಯ ಒಡೆಯನಾದ ಆ ಮುದುಕನನ್ನು ಇಡೀ ದಂಡೆಯೇ ಹಾಗೆ ಕರೆಯುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಅವನ ಮಗ ಕ್ವೇಕು ಕಡಲಿನ ಪಾಲಾಗಿದ್ದ. ಹೆಣವೂ ಸಿಕ್ಕಿರಲಿಲ್ಲ. ಸತ್ತ ಮೇಲೂ ಮನೆಮಂದಿಯೆಲ್ಲ ಮತ್ತೆ ಒಂದಾಗುತ್ತಾರೆ ಎಂದು ಈ ಹುಡುಗರು ಹೇಳಿದ ದಿನ ಮುದುಕ ಬಲೆ ಕೆಳಗಿಟ್ಟು, “ಇನ್ನೊಂದ್ಸಲ ಹೇಳು,” ಎಂದಿದ್ದ. ಅಂದಿನಿಂದ ಒಂದು ಭಾನುವಾರವೂ ಸಭೆ ತಪ್ಪಿಸಿರಲಿಲ್ಲ. ಈ ಶನಿವಾರ, ನೀರಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ಅವನ ದೀಕ್ಷಾಸ್ನಾನ ನಿಶ್ಚಯವಾಗಿತ್ತು.

ಅಂದು ಕೊನೆಯ ಪಾಠ. ಎಸಿಯ ಪಕ್ಕದಲ್ಲಿ ಎಂದಿನಂತೆ ಅಬಾ ಕೂತಿದ್ದಳು. ಎಸಿ ಅವಳನ್ನು ‘ನನ್ನ ತಂಗಿ’ ಎನ್ನುತ್ತಿದ್ದುದರಿಂದ ಹುಡುಗರು ಒಡಹುಟ್ಟಿದವಳೆಂದೇ ತಿಳಿದಿದ್ದರು. ಸೆನ್ಯೋ ಎಸಿಯ ಕಡೆ ತಿರುಗಿ, “ನಿಮ್ಮ ಮಗನ್ನ ನೀವು ಮತ್ತೆ ನೋಡ್ತೀರಮ್ಮ,” ಎಂದ.

“ನನಗ್ಯಾಕೆ ಹೇಳ್ತೀಯ? ಹೆತ್ತವಳು ಇವಳು,” ಎಂದು ಎಸಿ ಅಬಾಳ ತೊಡೆ ತಟ್ಟಿದಳು. “ನಾನು ದೊಡ್ಡವಳು, ಇವಳು ಚಿಕ್ಕವಳು. ಒಲೆ ಎರಡು, ಗಂಡ ಒಬ್ಬ. ಇಷ್ಟು ದಿನ ಬಂದು ಹೋದ್ರಿ, ಅಷ್ಟೂ ಗೊತ್ತಾಗ್ಲಿಲ್ವಾ?”

ಮುಟಾಸಾ ಸೆನ್ಯೋನ ಮುಖ ನೋಡಿದ. ಸೆನ್ಯೋ ಪುಸ್ತಕ ಮುಚ್ಚಿದ.

ಬುಧವಾರ ಇಬ್ಬರೂ ಊರಿನ ಸಭೆಯ ಮುಖ್ಯಸ್ಥ ಕ್ವೈಸನ್ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ಎಲ್ಲ ಕೇಳಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

“ನಿಯಮ ನಿಮಗೇ ಗೊತ್ತಲ್ಲಪ್ಪ. ಒಬ್ಬಳ ಜೊತೆ ಸಂಸಾರ ಅಂತಾದ್ರೇನೇ ನೀರಿಗಿಳಿಸೋದು.”

“ಇನ್ನೊಬ್ಬಳನ್ನ ಹೊರಗೆ ಹಾಕ್ಬೇಕಾ ಸಾರ್?”

“ಬೀದಿಗೆ ತಳ್ಳು ಅಂತ ಯಾರೂ ಹೇಳಲ್ಲ. ಅನ್ನ ಬಟ್ಟೆ ನೋಡ್ಕೊಳ್ಳೋ ಹೊಣೆ ಅವನದೇ. ಆದ್ರೆ ಗಂಡ ಹೆಂಡತಿಯಾಗಿ ಇರೋ ಹಾಗಿಲ್ಲ. ನಾನು ಬಂದು ಹೇಳ್ಲಾ?”

“ಬೇಡ ಸಾರ್, ನಾವೇ ಹೇಳ್ತೀವಿ,” ಎಂದುಬಿಟ್ಟ ಸೆನ್ಯೋ. ಆ ಮಾತು ಬಾಯಿಂದ ಹೇಗೆ ಬಂತೆಂದು ಅವನಿಗೇ ಆಶ್ಚರ್ಯವಾಯಿತು.

ಅವನ ತಾಯಿಯೂ ಎರಡನೆಯ ಹೆಂಡತಿ. ಸೆನ್ಯೋ ಚಿಕ್ಕವನಿದ್ದಾಗ ಅವನ ಅಪ್ಪ ಬೇರೊಂದು ಸಭೆ ಸೇರಿದ. ಸೇರಿದ ವಾರವೇ ತಾಯಿ, ಮಗ ಇಬ್ಬರನ್ನೂ, ಹೊಲಿಗೆ ಯಂತ್ರದ ಸಮೇತ, ಬಾಡಿಗೆ ವ್ಯಾನು ಹತ್ತಿಸಿ ತವರಿಗೆ ಕಳಿಸಿದ. ಅದರ ಬಗ್ಗೆ ತಾಯಿ ಒಂದು ದಿನವೂ ಮಾತಾಡಿರಲಿಲ್ಲ. ಮುಂದೆ ಅವಳು ತಾನಾಗಿಯೇ ಮಾರ್ಮನ್ ಸಭೆಗೆ ಬಂದಳು. ಮಗನನ್ನು ಸೇವೆಗೆ ಕಳಿಸುವಾಗ ಅವನ ಬಿಳಿ ಅಂಗಿಗಳನ್ನು ಅದೇ ಯಂತ್ರದಲ್ಲಿ ಹೊಲಿದಿದ್ದಳು.

ಗುರುವಾರ ಮುಸುಕಿನ ಜೋಳದ ಕೆಂಕೆ ಉಂಡೆ, ಹುರಿದ ಮೀನು ಮುಂದಿಟ್ಟುಕೊಂಡು ಕೂತಾಗ ಮುಟಾಸಾ, “ಮುದುಕನ್ನ ಒಬ್ಬನ್ನೇ ಪಕ್ಕಕ್ಕೆ ಕರೆದು ಹೇಳೋಣ. ಅವನ ಮರ್ಯಾದೆ ಉಳಿಯುತ್ತೆ,” ಎಂದ.

“ಬೇಡ. ಮೂವರನ್ನೂ ಕೂರಿಸಿ ಹೇಳೋಣ.”

“ಯಾಕೋ?”

“ನಮ್ಮಪ್ಪಂಗೆ ಒಬ್ಬನಿಗೇ ಹೇಳಿದ್ರು.”

ಮುಟಾಸಾ ಮೀನಿನ ದೊಡ್ಡ ತುಂಡನ್ನು ಅವನ ತಟ್ಟೆಗೆ ದೂಡಿದ.

ಶುಕ್ರವಾರ ದೋಣಿ ಬಂದು, ಮೀನು ಹಂಚಿ ಮುಗಿದ ಮೇಲೆ ಅವರು ಬೆಂಟ್ಸಿಲ್ ಮನೆಯ ಅಂಗಳಕ್ಕೆ ಹೋದರು. ಸೆನ್ಯೋ ತನ್ನ ಮುರುಕು ಫಾಂಟೆಯಲ್ಲಿ, ಒಂದು ಪದವನ್ನೂ ಮೆತ್ತಗೆ ಮಾಡದೆ, ಮೂವರಿಗೂ ನಿಯಮವನ್ನು ಇದ್ದ ಹಾಗೆ ಹೇಳಿದ. ಮೊದಲು ನಕ್ಕವಳು ಎಸಿ.

“ನಿಮ್ಮ ಸಭೇಲಿ ಹಿಂದಿನ ಕಾಲದ ದೊಡ್ಡವ್ರಿಗೆ ಹೆಂಡ್ರು ಸಾಲಾಗಿ ಇದ್ರಂತಲ್ಲ? ನನಗೆ ಮಾರ್ಕೆಟ್‌ನಲ್ಲಿ ಹೇಳಿದ್ರು.”

“ಇದ್ರಮ್ಮ. ಆಮೇಲೆ ಅದನ್ನ ನಿಲ್ಲಿಸಿದ್ರು,” ಎಂದ ಮುಟಾಸಾ.

“ಅವ್ರದೆಲ್ಲ ಮುಗಿದ್ಮೇಲೆ ನಮಗೆ ಬಾಗಿಲು ಹಾಕಿದ್ರಾ!”

ಎಗ್ಯಾ ನಗಲಿಲ್ಲ. ಯಾರ ಮುಖವನ್ನೂ ನೋಡದೆ, “ಅಬಾ, ಮಮ್‌ಫೋರ್ಡ್‌ನಲ್ಲಿ ನಿಮ್ಮಣ್ಣನ ಮನೆ ದೊಡ್ಡದಿದೆ. ಸ್ವಲ್ಪ ದಿನ ಅಲ್ಲಿದ್ರೆ... ನಾನು ಮೀನು ಕಳಿಸ್ತೀನಿ. ನಮ್ಮ ಹುಡುಗನ್ನ ಮತ್ತೆ ನೋಡ್ಬೇಕು ಕಣೇ ನನಗೆ,” ಎಂದ.

ಅಬಾ ಅಂಗಳದ ಮೂಲೆಯನ್ನೇ ನೋಡುತ್ತಿದ್ದಳು. ಸೆನ್ಯೋ ಅವಳ ಕಡೆ ತಿರುಗಿದ. “ಅಮ್ಮಾ, ನೀವೇನಂತೀರಿ?” ಎಂದು ಅವಳನ್ನು ಕೇಳಿದ.

ಅವಳು ತಡವರಿಸುತ್ತ ಹೇಳಿದಳು: “ನನ್ನ ಇಲ್ಲಿಂದ ಕಳಿಸಿ ಇವನು ಸತ್ತು ಮೇಲೆ ಹೋದ ಅಂತಿಟ್ಕೋ. ಕ್ವೇಕು ಎದುರಿಗೆ ಬಂದು ‘ಅವ್ವ ಎಲ್ಲಿ’ ಅಂದ್ರೆ, ಇವನು ಏನಂತಾನೆ? ನಿನ್ನ ನೋಡೋಕೆ ಅಂತ ಅವಳನ್ನ ಬಿಟ್ಟು ಬಂದೆ ಅಂತಾನಾ?”

ಎಸಿ ಎದ್ದು ಸೀರೆಯಂತೆ ಸುತ್ತಿದ ಬಟ್ಟೆಯನ್ನು ಸೊಂಟಕ್ಕೆ ಬಿಗಿದಳು.

“ಕೇಳು ಮುದುಕಾ. ಆ ಹುಡುಗ ಹುಟ್ಟಿದಾಗ ಹೊಕ್ಕುಳ ಬಳ್ಳಿ ಹೂತಿದ್ದು ನಾನು. ಇವಳು ಮಮ್‌ಫೋರ್ಡ್‌ಗೆ ಹೋದ್ರೆ ನಾನೂ ಇವಳ ಹಿಂದೆ ವ್ಯಾನು ಹತ್ತೋದೇ. ಆಮೇಲೆ ನೀನು ಹಾಯಾಗಿ ನೀರಿಗಿಳಿ. ಒದ್ದೆ ಬಟ್ಟೆ ನೀನೇ ಒಗ್ಕೋ.”

ಎಗ್ಯಾ ಎದ್ದು ದೋಣಿಯ ಕಡೆ ನಡೆದುಬಿಟ್ಟ.

ಶನಿವಾರ ದೀಕ್ಷಾಸ್ನಾನ ನಡೆಯಲಿಲ್ಲ. ದೀಕ್ಷೆಗೆಂದು ಸಭೆಯ ಕೊಳಕ್ಕೆ ತುಂಬಿದ್ದ ನೀರನ್ನು ಹುಡುಗರಿಬ್ಬರೂ ಹೊರಬಿಟ್ಟು, ತಳ ಉಜ್ಜಿ ತೊಳೆದರು. “ನಾವು ತಪ್ಪು ಮಾಡಿದ್ವಾ?” ಎಂದು ಸೆನ್ಯೋ ಕೇಳಿದ. “ಗೊತ್ತಿಲ್ಲ. ಸುಳ್ಳಂತೂ ಹೇಳಲಿಲ್ಲ,” ಎಂದ ಮುಟಾಸಾ. ಅದು ಸೆನ್ಯೋಗೆ ಸಾಕಾಗಲಿಲ್ಲ. ನಿಯಮ ದೇವರದೆಂದು ಅವನು ಬಲವಾಗಿ ನಂಬಿದ್ದ. ಅಬಾಳ ಪ್ರಶ್ನೆಯೂ ದೇವರ ಕಿವಿಗೆ ಮುಟ್ಟಬೇಕಾದದ್ದೇ ಎಂದು ಅವನಿಗೆ ಅಷ್ಟೇ ಬಲವಾಗಿ ಅನ್ನಿಸುತ್ತಿತ್ತು. ಎರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂದು ತಿಳಿಯಲಿಲ್ಲ.

ಭಾನುವಾರ ಸಭೆಯಲ್ಲಿ ಮೊದಲ ಹಾಡು ಶುರುವಾದಾಗ ಎಸಿ, ಅಬಾ ಇಬ್ಬರೂ ಒಂದೇ ಬಗೆಯ ಬಟ್ಟೆ ಉಟ್ಟು ಒಳಗೆ ಬಂದರು. ಎಗ್ಯಾ ಬಂದಿರಲಿಲ್ಲ.

“ಮುನಿಸ್ಕೊಂಡು ಬಲೆ ಮುಂದೆ ಕೂತಿದಾನೆ,” ಎಂದು ಎಸಿ ಸೆನ್ಯೋನ ಕಿವಿಯಲ್ಲಿ ಹೇಳಿದಳು. “ನೀರಿಗಿಳೀದೆ ಸುಮ್ನೆ ಕೂತು ಹಾಡಿದ್ರೆ ಅಡ್ಡಿ ಇಲ್ವಲ್ಲ?”

“ಏನೂ ಅಡ್ಡಿ ಇಲ್ಲಮ್ಮ.”

“ಹಾಗಾದ್ರೆ ಸರಿ. ಸ್ವಲ್ಪ ಸರಿದು ಕೂತ್ಕೋ.”

ಸೋಮವಾರ ಬಟ್ಟೆ ಒಗೆಯುವ ದಿನ, ಮನೆಗೆ ಫೋನು ಮಾಡುವ ದಿನ. ಸೆನ್ಯೋ ಎಲ್ಲವನ್ನೂ ಹೇಳಿ, ಕೊನೆಗೆ ಇಷ್ಟು ವರ್ಷ ಕೇಳದ್ದನ್ನು ಕೇಳಿದ. “ಅಮ್ಮಾ, ಅಪ್ಪ ಕಳಿಸಿದಾಗ ನಿನಗೆ ಸಿಟ್ಟು ಬರಲಿಲ್ವಾ?”

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಬಂತಪ್ಪ. ಕಳಿಸಿದ್ದಕ್ಕಲ್ಲ. ಒಂದು ಮಾತು ನನ್ನ ಕೇಳಲಿಲ್ಲ ಅಂತ. ಕೇಳಿದ್ರೆ ನಾನೇ ಹೋಗ್ತೀನಿ ಅಂತಿದ್ದೆನೋ ಏನೋ.” ಅವಳೇ ಕೇಳಿದಳು: “ಸೇವೆ ಬಿಟ್ಟು ಬಂದ್ಬಿಡ್ತೀಯಾ?”

“ಇಲ್ಲಮ್ಮ.”

“ಹಾಗಾದ್ರೆ ಆ ಮುದುಕನ್ನ ಹೋಗಿ ಮಾತಾಡ್ಸು. ಅವನೂ ಯಾರೂ ಕೇಳಲಿಲ್ಲ ಅಂತ ಕೂತಿರ್ತಾನೆ.”

ಮಧ್ಯಾಹ್ನ ಒಗೆದ ಅಂಗಿಗಳನ್ನು ಹಗ್ಗಕ್ಕೆ ಹಾಕಿ, ಮುಟಾಸಾನನ್ನೂ ಎಬ್ಬಿಸಿಕೊಂಡು ಸೆನ್ಯೋ ದಂಡೆಗೆ ಹೋದ. ಎಗ್ಯಾ ದೋಣಿಯ ನೆರಳಲ್ಲಿ ಬಲೆ ಹೆಣೆಯುತ್ತ ಒಬ್ಬನೇ ಕೂತಿದ್ದ. ಹುಡುಗರು ಪಕ್ಕದಲ್ಲಿ ಕೂತರು.

“ನೀರಿಗಿಳೀದಿದ್ರೆ ಕ್ವೇಕು ನನಗೆ ಸಿಗೋದೇ ಇಲ್ವಾ?” ಎಂದು ಮುದುಕ ಕಡಲು ನೋಡುತ್ತಲೇ ಕೇಳಿದ.

ಪಾಠದ ಪುಸ್ತಕದಲ್ಲಿದ್ದ ಮಾತುಗಳೆಲ್ಲ ಸೆನ್ಯೋಗೆ ನೆನಪಾದವು.

“ನನಗೆ ಗೊತ್ತಿಲ್ಲ ಎಗ್ಯಾ. ಸಿಗ್ಲಿ ಅಂತ ದಿನಾ ಬೇಡ್ಕೋತೀನಿ.”

ಮುದುಕ ಅವನತ್ತ ತಿರುಗಿದ. “ಗೊತ್ತಿಲ್ಲ ಅನ್ನೋ ಪಾದ್ರೀನ ಇವತ್ತೇ ನೋಡಿದ್ದು ನಾನು,” ಎಂದ. ಆಮೇಲೆ ಬಲೆಯ ಒಂದು ತುದಿಯನ್ನು ಎಳೆದು ಸೆನ್ಯೋನ ಮಡಿಲಿಗೆ ಹಾಕಿದ. “ಹಿಡ್ಕೋ. ಬಿಗಿಯಾಗಿ.”