ಹೆಸರು ಹೇಳಬಾರದ ಗಿಡ

ನಿಯತ್ತಾಗಿರು ಅಂತ ಬುದ್ಧಿ ಹೇಳುವವರು ಊರಿಗೆ ನೂರು ಜನ ಸಿಗುತ್ತಾರೆ. ನಿಯತ್ತಾಗಿದ್ದರೆ ಮುಂದೆ ಏನಾಗುತ್ತದೆ ಅಂತ ಹೇಳುವವನು ಒಬ್ಬನೂ ಸಿಗುವುದಿಲ್ಲ. ಸುಷ್ಮಿತಾಳಿಗೂ ಯಾರೂ ಹೇಳಿರಲಿಲ್ಲ, ಪಾಪ.

ಬಂದಳಿಕೆ ಕಡೆಯ ಕುರಿ ಸಾಕುವ ಮನೆಯ ಹುಡುಗಿ. ಶಿಕಾರಿಪುರದ ಒಂದು ಕಾಲೇಜಿನಲ್ಲಿ ಬಿಎ ಕೊನೆಯ ವರ್ಷ. ಕೊನೆಯ ಸೆಮಿಸ್ಟರಿಗೆ ಎಲ್ಲರೂ ಒಂದು ಪ್ರಾಜೆಕ್ಟ್ ಬರೆದುಕೊಡಬೇಕು. ಅದು ಪಾಸಾಗದಿದ್ದರೆ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದಿದ್ದರೆ ಬಿ.ಎಡ್. ಇಲ್ಲ. ಅವಳ ಅಪ್ಪ ಸಣ್ಣಬೀರಪ್ಪ ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಒಂದೇ ಏಟಿಗೆ ಪಾಸಾದ್ರೆ ಟೀಚರ್ ಆಗು, ನಾ ಬ್ಯಾಡ ಅನ್ನಲ್ಲ. ಫೇಲಾದ್ರೆ ಸುಮ್ನೆ ಕುರಿ ಹಿಂದೆ ಬಾ." ಆಡಿದ ಮಾತಿಗೆ ತಪ್ಪುವ ಆಸಾಮಿಯಲ್ಲ ಅವನು. ಅದೇ ಅವಳ ಹೆದರಿಕೆ.

ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡಿದ್ದು ತನ್ನ ಅಜ್ಜಿ ಹೂವಮ್ಮನನ್ನು. ಕುರಿಗೆ ಹೊಟ್ಟೆ ಉಬ್ಬರಿಸಿತು ಅಂದರೆ ಸುತ್ತಲ ಹತ್ತೂರಿನವರು, ಅತ್ತ ಸೊರಬದ ಕಡೆಯವರೂ, ಹುಡುಕಿಕೊಂಡು ಬರುತ್ತಿದ್ದುದು ಈ ಮುದುಕಿಯ ಹತ್ತಿರ. ಎಂಥದೋ ಸೊಪ್ಪು ಅರೆದು ಕುಡಿಸಿ, ಎಡಪಕ್ಕೆ ನೀವಿ ಬಿಟ್ಟರೆ ಕುರಿ ಎದ್ದು ನಿಲ್ಲುತ್ತಿತ್ತು. ಯಾವ ಸೊಪ್ಪು ಅಂತ ಮಾತ್ರ ಕೇಳುವಂತಿಲ್ಲ. ಗುಡವಿಯ ತವರಿನಲ್ಲಿ ಅವಳ ತಾಯಿ ಅಮಾವಾಸ್ಯೆಯ ದಿನ ಕರೆದುಕೊಂಡು ಹೋಗಿ, ಗಿಡ ತೋರಿಸಿ, ಕಿವಿಯಲ್ಲಿ ಒಂದೇ ಸಲ ಹೆಸರು ಹೇಳಿದ್ದು. ಆಮೇಲೆ ಬಾಯಿ ಬಿಟ್ಟು ಯಾರಿಗೂ ಹೇಳಬಾರದು. ಹೇಳಿದರೆ ಕೈಗುಣ ಹೋಗುತ್ತದೆ, ಮದ್ದು ಬರೀ ಸೊಪ್ಪಾಗುತ್ತದೆ. "ನಿಂಗೇ ಹೇಳ್ಕೊಡ್ತೀನಿ ಕಣವ್ವ, ಕಾಲ ಬರ್ಲಿ" ಅಂತ ಅಜ್ಜಿ ಮೊಮ್ಮಗಳಿಗೆ ಮಾತು ಕೊಟ್ಟಿದ್ದಳು.

ಕಾಲೇಜಿನಲ್ಲಿ ಎಐ ಬಗ್ಗೆ ಒಂದು ಕಾರ್ಯಾಗಾರವೂ ಆಗಿತ್ತು. ಉಪ್ಪಿಟ್ಟು, ಕೇಸರಿಬಾತು, ಬ್ಯಾನರು, ಎಲ್ಲ. ಪ್ರಾಜೆಕ್ಟ್ ನೋಡುವ ಅತಿಥಿ ಉಪನ್ಯಾಸಕ ವೀರಬಸಪ್ಪ ಮೈಕ್ ಹಿಡಿದು ಹೇಳಿದ್ದರು: "ಎಐ ಬಳಸಬೇಡಿ ಅನ್ನಲ್ಲ. ಆದ್ರೆ ಎಲ್ಲಿ ಬಳಸಿದ್ರಿ, ಎಷ್ಟು ಬಳಸಿದ್ರಿ ಅಂತ ಕೊನೇ ಪುಟದಲ್ಲಿ ಪ್ರಾಮಾಣಿಕವಾಗಿ ಬರೀರಿ." ನೂರಿಪ್ಪತ್ತು ಮಕ್ಕಳು ಚಪ್ಪಾಳೆ ತಟ್ಟಿದರು. ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದವಳು ಇವಳೊಬ್ಬಳೇ.

ಅಜ್ಜಿ ಮಾತಾಡುವಾಗ ಫೋನ್ ಹಿಡಿದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಆದ್ದರಿಂದ ಸುಷ್ಮಿತಾ ಕೇಳಿದ್ದನ್ನೆಲ್ಲ ನೆನಪಿಟ್ಟುಕೊಂಡು, ಸಂಜೆ ಕುರಿ ಹೊಡೆದುಕೊಂಡು ಬರುವಾಗ ತಾನೇ ಫೋನಿಗೆ ಹೇಳುತ್ತಿದ್ದಳು. ಫೋನು ಅದನ್ನು ಅಕ್ಷರ ಮಾಡುತ್ತಿತ್ತು. ಹಾಗೆ ಬಂದ ಅಡ್ಡಾದಿಡ್ಡಿ ಸಾಲುಗಳನ್ನು ಎಐಗೆ ಕೊಟ್ಟು ನೇರ ಮಾಡಿಸಿದಳು. ಅದು ತಾನಾಗಿ ಸೇರಿಸಿದ ಮಾತೊಂದಿದ್ದರೂ ಹುಡುಕಿ ಅಳಿಸಿದಳು. ನಲವತ್ತು ಪುಟ ಆಯಿತು. ಗಿಡದ ಹೆಸರು ಬರಬೇಕಾದ ಕಡೆ "ಹೆಸರು ಹೇಳುವ ಪದ್ಧತಿ ಇಲ್ಲ" ಅಂತ ಬರೆದಳು. ಕೊನೆಯ ಪುಟದಲ್ಲಿ, ವಾಕ್ಯ ತಿದ್ದಲು ಎಐ ಬಳಸಿದ್ದೇನೆ, ವಿಷಯವೆಲ್ಲ ಅಜ್ಜಿಯದು ಅಂತ ಬರೆದು ಸಹಿ ಹಾಕಿದಳು.

ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ನೋಡಿದ ಗೆಳತಿ ರಮ್ಯ ಹಣೆ ಹಣೆ ಚಚ್ಚಿಕೊಂಡಳು. ಸೊರಬದ ಹುಡುಗಿ, ಮಹಾ ಚಾಲಾಕಿ. ಅವಳ ಪ್ರಾಜೆಕ್ಟನ್ನು ಮೊದಲಿಂದ ಕೊನೆವರೆಗೆ ಎಐ ಬರೆದಿತ್ತು. ಅನುಮಾನ ಬರದಿರಲಿ ಅಂತ ರಮ್ಯ ನಡುನಡುವೆ ನಾಲ್ಕು ತಪ್ಪು ಸೇರಿಸಿದ್ದಳು. "ಆ ಹಾಳೆ ಕಿತ್ತು ಬಿಸಾಕೇ ಮಾರಾಯ್ತಿ! ಯಾರು ಕೇಳಿದ್ರು ನಿನ್ನ?"

"ಸರ್ ಹೇಳಿದಾರಲ್ಲೇ."

"ಸರ್ ಹೇಳ್ತಾರೆ. ಹೇಳೋದು ಅವರ ಡ್ಯೂಟಿ ಕಣೆ."

ವಾರದೊಳಗೆ ಸ್ಟಾಫ್ ರೂಮಿನಿಂದ ಕರೆ ಬಂತು. ಎಐ ಪತ್ತೆ ಮಾಡುವ ಒಂದು ವೆಬ್‌ಸೈಟು ಅವಳ ಪ್ರಾಜೆಕ್ಟು ಶೇಕಡಾ ಎಂಬತ್ತೊಂಬತ್ತು ಯಂತ್ರದ್ದು ಅಂತ ಹೇಳಿತ್ತು. ರಮ್ಯಳದ್ದು ಶೇಕಡಾ ಹನ್ನೆರಡು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕಾಲ ಇದು, ಏನು ಮಾಡುತ್ತೀರಿ?

"ಸರ್, ಕೊನೇ ಪುಟದಾಗೆ ಬರ್ದೀನಲ್ಲ ಸರ್."

"ಅದೇ ನಾ ಹೇಳೋದು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾತು" ಅಂದರು ವೀರಬಸಪ್ಪ. "ಔಷಧಿ ಮೇಲೆ ನಲವತ್ತು ಪುಟ ಬರ್ದೀಯ, ಒಂದು ಗಿಡದ ಹೆಸರಿಲ್ಲ! ಅಜ್ಜಿ ಇರೋದು ನಿಜ ಆದ್ರೆ ಕರ್ಕೊಂಡು ಬಾ. ಹೆಸರು ಹೇಳ್ಲಿ, ಒಪ್ತೀನಿ."

ಅವರೇನು ಕೆಟ್ಟವರಲ್ಲ. ನೂರಿಪ್ಪತ್ತು ಪ್ರಾಜೆಕ್ಟು, ನಾಲ್ಕೇ ದಿನ, ಮೇಲಿಂದ ದಿನಕ್ಕೆರಡು ಫೋನು. ಅಷ್ಟಾದರೂ ಓದಬಹುದಿತ್ತು. ಓದಲಿಲ್ಲ.

ಸುಷ್ಮಿತಾ ಅಜ್ಜಿಯನ್ನು ಕೇಳಲೇ ಇಲ್ಲ. ಕುರಿಹಟ್ಟಿಯ ಮೂಲೆಯಲ್ಲಿ ಕೂತು ಅತ್ತಳು. ಅಜ್ಜಿ ಬಂದು ಒಂದೊಂದೇ ಮಾತು ಬಿಡಿಸಿ ಕೇಳಿ, ಎಲ್ಲ ತಿಳಿದಮೇಲೆ ಎದ್ದು ಹೋದಳು. ಮಾರನೆಯ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಡಿಯವ್ವ, ಬಸ್ ಹೋಗತೈತಿ."

"ಬ್ಯಾಡ ಅಜ್ಜಿ! ಹೇಳಿದ್ರೆ ಕೈಗುಣ ಹೋಗತೈತಿ ಅಂತಿದ್ದೆ?"

"ಹೋಗತೈತಿ. ನಿನ್ನ ವರ್ಷ ಹೋದ್ರೆ ಬರತೈತೇನು?"

ಸ್ಟಾಫ್ ರೂಮಿನಲ್ಲಿ ಕುರ್ಚಿ ಕೊಟ್ಟರೂ ಅಜ್ಜಿ ಕೂರಲಿಲ್ಲ. ಅಲ್ಲಿ ನಾಲ್ಕು ಜನ ಇದ್ದರು. ಒಬ್ಬರು ಚಹಾ ಕುಡಿಯುತ್ತಿದ್ದರು. ಅರವತ್ತು ವರ್ಷ ನಾಲಗೆ ತುದಿಗೆ ಬಾರದ ಹೆಸರನ್ನು ಹೂವಮ್ಮ ಅವರೆಲ್ಲರ ಎದುರಿಗೆ ಹೇಳಿದಳು. ನಾನು ಇಲ್ಲಿ ಬರೆಯುವುದಿಲ್ಲ, ಆದ ಹಾನಿ ಸಾಕು.

ವೀರಬಸಪ್ಪ ಆ ಹೆಸರನ್ನು ಬರೆದುಕೊಳ್ಳಲಿಲ್ಲ, ಫೋನಿನಲ್ಲಿ ಎಐಗೆ ಕೇಳಿದರು. ಒಂದು ಸಲ, ಎರಡು ಸಲ. "ಇಂಥ ಗಿಡಾನೇ ಇಲ್ಲ ಅಂತೈತಲ್ಲ ಅಜ್ಜಿ?"

"ಅದಕ್ಕೇನ್ ಗೊತ್ತು? ಅದೇನು ಕುರಿ ಕಾದೈತಾ?"

ಚಹಾ ಕುಡಿಯುತ್ತಿದ್ದವರು ನಕ್ಕರು. ವೀರಬಸಪ್ಪನವರೂ ನಕ್ಕು, "ನೀವು ಹೊರಗೆ ಕೂತಿರ್ರಿ" ಅಂತ ಅಜ್ಜಿಯನ್ನು ಕಳಿಸಿ, ದನಿ ತಗ್ಗಿಸಿದರು. "ನೋಡಮ್ಮ, ನೀನೇ ಒಂದು ಹೆಸರು ಕಟ್ಟಿ, ಬಾಯಿಪಾಠ ಮಾಡಿಸಿ ಕರ್ಕೊಂಡು ಬಂದಿದ್ರೂ ನಂಗೆ ಗೊತ್ತಾಗಲ್ಲ. ನಿಂದೊಂದರ ಅಂಕ ತಡವಾಗಿ ಕಳಿಸ್ತೀನಿ, ಹತ್ತು ದಿನ ಟೈಮ್ ಕೊಡ್ತೀನಿ. ಉಳಿದೋರು ಬರ್ದಂಗೆ ಬರ್ಕೊಂಡು ಬಾ."

ಸುಷ್ಮಿತಾ ಮೇಜಿನ ಮೇಲಿದ್ದ ತನ್ನ ಪ್ರಾಜೆಕ್ಟನ್ನು ಎತ್ತಿಕೊಂಡಳು. ಕಿರುಚಬೇಕು ಅನ್ನಿಸಿತು, ಕಿರುಚಲಿಲ್ಲ. ಹೊರಗೆ ಬಂದರೆ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು.

"ಒಪ್ಪಿದ್ರೇನವ್ವ?"

"ಒಪ್ಪಿದ್ರು ಅಜ್ಜಿ."

ಆರನೆಯ ದಿನ ಮಧ್ಯಾಹ್ನ ಗಬ್ಬದ ಕುರಿಯೊಂದು ಎಳೆ ಸೊಪ್ಪು ಮೇದು ಹೊಟ್ಟೆ ಉಬ್ಬರಿಸಿಕೊಂಡು ಬಿತ್ತು. ಸಣ್ಣಬೀರಪ್ಪ ತಾಯಿಯನ್ನು ಕೂಗಿದ. ಹೂವಮ್ಮ ಜಗಲಿಯಿಂದ ಏಳಲಿಲ್ಲ. "ಡಾಕ್ಟರಿಗೆ ಫೋನ್ ಮಾಡಪ್ಪ. ಹೆಸರು ಬಾಯಿಗೆ ಬಂದುಹೋತು. ನನ್ನ ಕೈಲಿ ಇನ್ನೇನಿಲ್ಲ."

"ಗಿಡನಾದ್ರೂ ತೋರ್ಸು, ನಾನೇ ಅರೀತೀನಿ!"

"ತೋರ್ಸಿದ್ರೂ ಅದು ಬರೀ ಸೊಪ್ಪು ಕಣಪ್ಪ."

ಡಾಕ್ಟರು ಲಸಿಕೆ ಹಾಕಲು ದೂರದ ಊರಿಗೆ ಹೋಗಿದ್ದರು, ಹೊರಟೆ ಅಂದರು. ಸುಷ್ಮಿತಾ ಬದುವಿನ ಮೇಲೆ ಓಡಿದಳು. ಹೆಸರೇನೋ ಕೇಳಿದ್ದಳು, ಗಿಡ ಕಂಡಿರಲಿಲ್ಲ. ಕಾಲಡಿ ನೂರು ಥರದ ಹಸಿರು. ಫೋನು ತೆಗೆದು ತಾನೂ ಎಐಗೆ ಕೇಳಿದಳು. ಈ ಹೆಸರಿನ ಗಿಡದ ಬಗ್ಗೆ ನನಗೆ ತಿಳಿದಿಲ್ಲ, ಕೂಡಲೇ ಪಶುವೈದ್ಯರನ್ನು ಕರೆಸಿ, ಅಂದಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿತಲ್ಲ, ಅಷ್ಟು ಮರ್ಯಾದೆ ಸ್ಟಾಫ್ ರೂಮಿನಲ್ಲಿ ಯಾರಿಗೂ ಇರಲಿಲ್ಲ. ಡಾಕ್ಟರ ಬೈಕು ಬರುವ ಹೊತ್ತಿಗೆ ಕುರಿ ಸತ್ತಿತ್ತು, ಹೊಟ್ಟೆಯೊಳಗಿನ ಮರಿಯೂ.

ಮಾರನೆಯ ದಿನ ಸುಷ್ಮಿತಾ ಎಐಗೆ ಹೇಳಿದಳು, ಕುರಿಗಾರರ ನಾಟಿ ಔಷಧಿ ಮೇಲೆ ನಲವತ್ತು ಪುಟ ಬರೆದುಕೊಡು. ಬರೆದುಕೊಟ್ಟಿತು. ಗಿಡಗಳಿದ್ದವು, ಲ್ಯಾಟಿನ್ ಹೆಸರುಗಳಿದ್ದವು, ಎಂದೂ ಹುಟ್ಟದ ಕುರಿಗಾರರ ಸಂದರ್ಶನಗಳಿದ್ದವು. ಅವಳು ರಮ್ಯಳಂತೆ ನಾಲ್ಕು ತಪ್ಪು ಸೇರಿಸಿದಳು. ಕೊನೆಯ ಪುಟ ಬರೆಯಲಿಲ್ಲ. ಐವತ್ತಕ್ಕೆ ನಲವತ್ತಾರು ಬಂತು. "ನೋಡು, ಮನಸ್ಸು ಮಾಡಿದ್ರೆ ಎಷ್ಟು ಚೆನ್ನಾಗಿ ಬರೀತೀಯ" ಅಂದರು ವೀರಬಸಪ್ಪ.

ಮನೆಯಲ್ಲಿ ಅಪ್ಪ ಅರ್ಧ ಕೇಜಿ ಮೈಸೂರುಪಾಕು ತಂದ. ಅಜ್ಜಿ ಒಂದು ಚೂರು ಬಾಯಿಗೆ ಹಾಕಿಕೊಂಡು, "ನಾ ಹೆಸರು ಹೇಳಿದ್ದಕ್ಕೇ ಅಲ್ವೇನವ್ವ ಪಾಸಾಗಿದ್ದು?" ಅಂದಳು.

"ಹೌದಜ್ಜಿ."

"ಹಂಗಾದ್ರೆ ಕೈಗುಣ ಹೋತು ಅಂತ ನಂಗೇನೂ ಸಂಕಟ ಇಲ್ಲ ಬಿಡು." ಮುದುಕಿಯ ಮುಖದಲ್ಲಿ ನಿಜವಾಗಿಯೂ ಸಂಕಟ ಇರಲಿಲ್ಲ. ಸುಷ್ಮಿತಾಳಿಗೆ ಅದನ್ನು ನೋಡಲಾಗಲಿಲ್ಲ.

ಅಂದಿನಿಂದ ಮದ್ದು ಕೇಳಿಕೊಂಡು ಬಂದವರಿಗೆಲ್ಲ ಹೂವಮ್ಮ ಒಂದೇ ಮಾತು ಹೇಳತೊಡಗಿದಳು: "ನನ್ನ ಕೈಲಿ ಆಗಲ್ಲಪ್ಪ. ನನ್ನ ಮೊಮ್ಮಗಳು ಎಲ್ಲ ಬರ್ದಿಟ್ಟಾಳೆ, ಕಾಲೇಜಿನೋರೇ ಒಪ್ಯಾರೆ, ಅವಳನ್ನ ಕೇಳ್ರಿ." ಮೊದಲು ಬಂದವನು ಕುಪ್ಪಗಡ್ಡೆಯ ಕರಿಯಣ್ಣ. ಹೊಟ್ಟೆ ಬಿಗಿದ ಕುರಿಯನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಅಷ್ಟು ದೂರದಿಂದ ಬಂದಿದ್ದ.

"ತಂಗೀ, ನೀ ಬರ್ದಿದ್ದು ಒಂಚೂರು ತೆಗ್ದು ನೋಡವ್ವ" ಅಂತ ಕೈ ಮುಗಿದ. "ಲಗೂನ ನೋಡು, ಉಸಿರು ಸಿಕ್ತಾ ಇಲ್ಲ ಅದಕ್ಕೆ."

ಅದರಲ್ಲಿರುವುದೆಲ್ಲ ಸುಳ್ಳು ಅಂತ ಹೇಳಿದರೆ ಜಗಲಿಯ ಮೇಲೆ ಕೂತ ಅಜ್ಜಿಗೂ ಕೇಳಿಸುತ್ತಿತ್ತು. ಸುಷ್ಮಿತಾ ಒಳಗೆ ಹೋಗಿ, ಆ ನಲವತ್ತಾರು ಅಂಕದ ಪುಸ್ತಕವನ್ನು ತಂದು, ಅವನೆದುರಿಗೆ ಪುಟ ತಿರುವುತ್ತ ನಿಂತಳು.