ವೈರು ಇಲ್ಲದ ಗುಂಡಿ

ನಮ್ಮ ದೋಣಿ ಸ್ಪರ್ಧೆಯಲ್ಲಿ ಒಂದು ಘನಂದಾರಿ ಪದ್ಧತಿ ಇದೆ. ಈ ಸಲ ಗೆದ್ದವರೇ ಮುಂದಿನ ಸಲದ ನಿಯಮ ಬರೀತಾರೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟು, ಜೋಪಾನ ಕಣಪ್ಪಾ ಅಂದ ಹಾಗೆ. ಹೋದ ಸಲ ಗೆದ್ದವರು ನಾವು. ಹಾಗಾಗಿ ನಿಯಮ ಬರೆದವನು ನನ್ನ ಸ್ವಂತ ಅಣ್ಣ.

ಅಣ್ಣ ದೋಣಿ ವಿನ್ಯಾಸ ಮಾಡುವವನು. ಎರಡು ಒಡಲಿನ ದೋಣಿ, ನೀರಿನ ಕೆಳಗೆ ರೆಕ್ಕೆ. ವೇಗ ಹಿಡಿದರೆ ಒಡಲೆರಡೂ ನೀರು ಬಿಟ್ಟು ಮೇಲೇಳುತ್ತವೆ. ಆ ಎತ್ತರ ಹಿಡಿಯುವ ಕೆಲಸ ನಂದು. ತುಸು ಹೆಚ್ಚಾದರೆ ರೆಕ್ಕೆ ಹೊರಗೆ ಬಂದು ದೋಣಿ ಮೂತಿ ಜಜ್ಜಿಕೊಳ್ಳುತ್ತೆ, ಕಮ್ಮಿಯಾದರೆ ತೆವಳುತ್ತೆ. ಕೈಯಲ್ಲಿ ರೆಕ್ಕೆ ತಿರುಗಿಸುವ ಒಂದು ಲಿವರ್, ಬೆನ್ನಿಗೆ ತಾಗುವ ದೋಣಿಯ ನಡುಕ, ಇಷ್ಟರಲ್ಲೇ ಹೋದ ಸಲ ಗೆದ್ದದ್ದು. ಅಣ್ಣನೋ, ತಾನು ಮಾಡಿದ ದೋಣಿಯನ್ನು ಒಂದು ದಿನವೂ ಹತ್ತಿದವನಲ್ಲ. ದಡದಲ್ಲಿ ನಿಂತು ಅಲೆ ನೋಡಿದರೂ ಅವನಿಗೆ ಹೊಟ್ಟೆ ತೊಳೆಸುತ್ತೆ.

ಮುಂದಿನ ದೋಣಿಯಲ್ಲಿ ಎತ್ತರವನ್ನು ಕಂಪ್ಯೂಟರೇ ಹಿಡಿಯಲಿ ಅಂತ ನಿಯಮ ಬರೆಯುವ ಅವನ ಸಮಿತಿ ತೀರ್ಮಾನಿಸಿತು. ಅದೇ ಭವಿಷ್ಯವಂತೆ. ಆ ಭವಿಷ್ಯದಲ್ಲಿ ನಾನೆಲ್ಲಿ ಅಂತ ಕೇಳಿದೆ.

"ನಿನ್ನ ಜಾಗ ಉಳಿಸಿದೀನಿ ಕಣೇ," ಅಂದ, ಊಟದ ಮೇಜಿನಲ್ಲಿ, ಅಮ್ಮನಿಗೂ ಕೇಳಲಿ ಅಂತ. "ರೆಕ್ಕೆ ತಿರುಗೋವಾಗೆಲ್ಲ ದೋಣಿಯಲ್ಲಿರೋ ಮನುಷ್ಯರೊಬ್ಬರು ಗುಂಡಿ ಒತ್ತಲೇಬೇಕು ಅಂತ ಬರೆಸಿದೀನಿ. ಯಂತ್ರ ಪೀಂ ಅನ್ನುತ್ತೆ, ನೀನು ಒತ್ತು. ಇನ್ನೂ ಒಂದಿದೆ. ಸ್ಪರ್ಧೆಗೆ ಮುಂಚೆ ದೋಣಿ ತಪಾಸಣೆ ಮಾಡೋ ಒಪ್ಪಿಗೆ ಓಟದಲ್ಲಿ ಕೂತವರೇ ಸ್ಪರ್ಧೆಗೂ ಕೂರಬೇಕು. ಆಮೇಲೆ ನಿನ್ನನ್ನ ಯಾರೂ ಎಬ್ಬಿಸೋ ಹಾಗಿಲ್ಲ."

"ಕೋತಿಗೆ ಕಲಿಸಿದ್ರೂ ಒತ್ತುತ್ತೆ."

"ಮನುಷ್ಯ ಅಂತ ಬರೆದಿದೆ," ಅಂದ. ತಮಾಷೆಗಲ್ಲ, ನಿಜವಾಗಿ. ಆ ಒಂದು ಪದಕ್ಕೆ ಸಮಿತಿ ವಾರವಿಡೀ ಗುದ್ದಾಡಿತ್ತಂತೆ.

"ಒತ್ತಮ್ಮಾ, ಬೆರಳೇನು ಸವೆದುಹೋಗುತ್ತಾ?" ಅಂದಳು ಅಮ್ಮ.

ಒತ್ತಿದೆ. ಪರೀಕ್ಷೆ ಓಟಗಳಲ್ಲಿ ಪೀಂ ಅಂದಾಗಲೆಲ್ಲ ಆ ಹಸಿರು ಗುಂಡಿ ಒತ್ತಿದೆ. ಒಂದು ದಿನ ಅಲೆಯೊಂದು ಅಡ್ಡ ಬಡಿದು, ಬೀಳದಿರಲಿ ಅಂತ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡೆ. ಪೀಂ ಅಂತು. ಒತ್ತಲಾಗಲಿಲ್ಲ. ಸತ್ತೆವು ಅಂದುಕೊಂಡೆ. ದೋಣಿ ಹಾಯಾಗಿ ಮೇಲೆದ್ದಿತು. ಮುಂದಿನ ಪೀಂಗೆ ಬೇಕಂತಲೇ ಒತ್ತಲಿಲ್ಲ. ಆಗಲೂ ಅಷ್ಟೇ. ದಡಕ್ಕೆ ಬಂದವಳೇ ಫಲಕದ ಕೆಳಗೆ ತಲೆ ತೂರಿಸಿ ನೋಡಿದೆ. ಗುಂಡಿಯ ಹಿಂದೆ ವೈರೇ ಇಲ್ಲ!

ಅಣ್ಣ ಶೆಡ್ಡಿನಲ್ಲಿ ರೆಕ್ಕೆಗೆ ಉಪ್ಪುಕಾಗದ ಹಾಕಿ ಉಜ್ಜುತ್ತಿದ್ದ. "ವೈರೆಲ್ಲೋ?" ಅಂದೆ.

ನಾಚಿಕೊಳ್ಳಲೂ ಇಲ್ಲ, ಪುಣ್ಯಾತ್ಮ. "ನೀನು ಒತ್ತೋವರೆಗೂ ಕಾದ್ರೆ ರೆಕ್ಕೆ ತಡ ಆಗುತ್ತೆ. ಒತ್ತಬೇಕು ಅಂತ ನಿಯಮ ಇದೆ, ಒತ್ತಿದ್ರೆ ಏನಾದ್ರೂ ಆಗಬೇಕು ಅಂತ ಎಲ್ಲಿದೆ? ಜಾಗ ಸಿಕ್ತಲ್ಲ, ಇನ್ನೇನು ಬೇಕು ನಿಂಗೆ?"

ಮೈಯೆಲ್ಲ ಉರಿದುಹೋಯಿತು. ಚಿಕ್ಕ ಮಕ್ಕಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಾರಲ್ಲ, ಹಾಗೆ ನನ್ನನ್ನ! ಅದೂ ಒಡಹುಟ್ಟಿದವನು!

"ವೈರು ಹಾಕು. ನಾನು ಒತ್ತಿದ್ರೆ ರೆಕ್ಕೆ ತಿರುಗಬೇಕು. ಇಲ್ಲಾಂದ್ರೆ ಹತ್ತಲ್ಲ."

"ಹೋಗೇ, ಹತ್ತದೆ ಎಲ್ಲಿಗೆ ಹೋಗ್ತೀಯ," ಅಂದ.

ಒಪ್ಪಿಗೆ ಓಟದ ಬೆಳಿಗ್ಗೆ ತಪಾಸಣೆಯವನು ಬಂದ. ಅವನಿಗೆ ನಾವಿಟ್ಟ ಹೆಸರು ಅಳತೆಪಟ್ಟಿ. ಚುಕ್ಕಾಣಿಯವನು, ಹಾಯಿಯವನು ತಮ್ಮ ಜಾಗದಲ್ಲಿ ಕೂತರು. ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ.

"ಮೂರನೆಯವರು?" ಅಂದ ಅಳತೆಪಟ್ಟಿ. "ಮನುಷ್ಯ ಇಲ್ಲದೆ ಓಟ ಇಲ್ಲ. ಇವತ್ತು ಓಡದಿದ್ರೆ ದೋಣಿ ಈ ಸಲಕ್ಕಿಲ್ಲ."

"ಯಾವ ಮನುಷ್ಯ ಅಂತ ಬರೆದಿದೆಯಾ?" ಅಂತ ಕೇಳಿದೆ.

"ಇಲ್ಲ. ಯಾರಾದ್ರೂ ಆಗಬಹುದು."

ನನ್ನ ಹೆಲ್ಮೆಟ್ಟನ್ನು ಪಕ್ಕದಲ್ಲಿ ಕೂತಿದ್ದ ಅಣ್ಣನ ಮಡಿಲಿಗೆ ಹಾಕಿದೆ. ಅವನು ನನ್ನ ಮುಖ ನೋಡಿದ, ದೋಣಿ ನೋಡಿದ, ವರ್ಷಗಟ್ಟಲೆ ಮಾಡಿದ ಕೆಲಸ ನೀರುಪಾಲಾಗುತ್ತೆ ಅಂತ ಅರ್ಥವಾಯಿತು. ಹತ್ತಿದ.

ನಾನೂ ಅಳತೆಪಟ್ಟಿಯೂ ಹಿಂದೆ ಮೋಟಾರ್ ಬೋಟಿನಲ್ಲಿ ಹೊರಟೆವು. ದೋಣಿಯ ಕ್ಯಾಮೆರಾದಲ್ಲಿ ಕಂಡದ್ದೆಲ್ಲ ನಮ್ಮ ಪರದೆ ಮೇಲೆ ಬರುತ್ತಿತ್ತು. ದೋಣಿ ಎದ್ದಿತು. ಅಣ್ಣನ ಮುಖ ಸುಣ್ಣ ಬಳಿದ ಗೋಡೆ. ಪೀಂ ಅಂತು, ಒತ್ತಿದ. ಪೀಂ, ಒತ್ತಿದ. ಪೀಂ ಅನ್ನದಿದ್ದರೂ ಒತ್ತಿದ. "ಅಮ್ಮಾ, ಅಮ್ಮಾ" ಅಂತ ಎರಡೂ ಹೆಬ್ಬೆರಳು ಸೇರಿಸಿ, ಹಲ್ಲು ಕಚ್ಚಿ ಒತ್ತಿದ. ವೈರಿಲ್ಲ ಅಂತ ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು!

"ಎಷ್ಟು ಶ್ರದ್ಧೆ ನೋಡಿ!" ಅಂತ ಅಳತೆಪಟ್ಟಿ ತಲೆದೂಗಿದ. ದಡ ಮುಟ್ಟಿದ ಕೂಡಲೇ ಅಣ್ಣನ ಕೈ ಕುಲುಕಿದ. "ಒಪ್ಪಿಗೆ ಕೊಟ್ಟಾಯ್ತು. ಸ್ಪರ್ಧೆಗೂ ನೀವೇ ಕೂರ್ತೀರಿ."

ಅಣ್ಣ ಕಟ್ಟೆಗೆ ಒರಗಿ ವಾಂತಿ ಮಾಡಿದ. ಹತ್ತಿರ ಹೋಗಿ ಬೆನ್ನು ಸವರಿದೆ.

"ಯಾಕೋ ಒತ್ತಿದೆ?"

"ಗೊತ್ತಿಲ್ಲ ಕಣೇ," ಅಂದ. "ಕೈ ಕಟ್ಟಿಕೊಂಡು ಕೂರೋಕಾಗಲಿಲ್ಲ." ಬಾಯಿ ಒರೆಸಿಕೊಂಡು ಅಳತೆಪಟ್ಟಿಯನ್ನು ಕೂಗಿ ಕರೆದ. "ಸರ್, ಒಂದೇ ಒಂದು ವೈರು ಸೇರಿಸಿದ್ರೂ ಅದು ಬದಲಾದ ದೋಣಿ ತಾನೇ? ಮತ್ತೆ ಒಪ್ಪಿಗೆ ಓಟ ಆಗಬೇಕು ತಾನೇ?"

"ಆಗಬೇಕಾಗುತ್ತೆ. ಒಮ್ಮೆ ಪಾಸಾದ ದೋಣಿಗೆ ಇನ್ನೊಂದು ದಿನ ಕೊಡ್ತೀವಿ, ಆಗ ಯಾರು ಬೇಕಾದ್ರೂ ಕೂರಬಹುದು. ಯಾಕೆ?"

ಅಣ್ಣ ನನ್ನ ಕಡೆ ಕೈ ಚಾಚಿದ. ಬೆಳಿಗ್ಗೆಯಿಂದ ಜೇಬಿನಲ್ಲಿಟ್ಟುಕೊಂಡಿದ್ದ ವೈರಿನ ಸುರುಳಿಯನ್ನು ತೆಗೆದು ಕೊಟ್ಟೆ.