ಓಸುಕೆ ಹಾದುಹೋಗುವ ಸಂಜೆ

ತೋಮೆ ಕೈ ಒದ್ದೆ ಮಾಡಿಕೊಂಡು ಒರಳಿನೊಳಗಿನ ಬೆಂದ ಅಂಟಕ್ಕಿಯನ್ನು ಮಗುಚಿದಳು. ಕೈ ಹೊರಗೆ ತೆಗೆದಳೋ ಇಲ್ಲವೋ, ಮೈದುನ ಕಾನ್‌ಜಿಯ ಒನಕೆ ಧೊಪ್ಪೆಂದು ಬಿತ್ತು. ಆಚೆ ಗಾಳಿ ಹುಲ್ಲಿನ ಮಾಡನ್ನೇ ಕಿತ್ತೊಯ್ಯುವ ಹಾಗೆ ಬೀಸುತ್ತಿತ್ತು. ಅದನ್ನೂ ಮೀರಿಸುವಂತೆ ಪಕ್ಕದ ಮನೆಯಲ್ಲಿ, ಅದರಾಚೆಯ ಮನೆಯಲ್ಲಿ, ಹೊಳೆದಂಡೆಯ ಊರಿಗೆ ಊರೇ ಕುಟ್ಟುತ್ತಿತ್ತು.

ವರ್ಷಕ್ಕೊಂದು ಸಂಜೆ, ಎಲೆಗಳೆಲ್ಲ ಉದುರಿ ಮುಗಿಯುವ ಕಾಲಕ್ಕೆ, ಸಾಲ್ಮನ್‌ ಮೀನುಗಳ ಒಡೆಯ ಓಸುಕೆ ಸಮುದ್ರದಿಂದ ಹೊಳೆ ಹತ್ತಿ ಬರುತ್ತಾನೆ. ಕೂಗಿಕೊಂಡೇ ಬರುತ್ತಾನೆ. ಆ ಕೂಗು ಕಿವಿಗೆ ಬಿದ್ದವರು ಹೆಚ್ಚು ದಿನ ಉಳಿಯುವುದಿಲ್ಲ. ಅದಕ್ಕೇ ಅಂದು ನೀರಿನಲ್ಲಿ ಬಲೆ ಇರಕೂಡದು, ದಂಡೆಯಲ್ಲಿ ಮನುಷ್ಯರು ಇರಕೂಡದು, ಮನೆಯೊಳಗೆ ಸದ್ದು ನಿಲ್ಲಕೂಡದು. ಕುಟ್ಟಿದ್ದು ಹದಕ್ಕೆ ಬಂದ ಮೇಲೆ ಮೊದಲ ಚೂರು ಕೂಗು ಒಳಗೆ ಹೋಗದಂತೆ ಎಲ್ಲರ ಕಿವಿಗೆ ಮೆತ್ತಲು, ಆಮೇಲೆ ಬಾಯಿಗೆ.

ತೋಮೆಯ ಗಂಡ ಜಿನ್‌ಸಾಕುವಿನ ಬಲೆ ಮಾತ್ರ ಇನ್ನೂ ನೀರಿನಲ್ಲಿತ್ತು. ಹೊಳೆ ಕದಡಿದಾಗಲೇ ಮೀನು ಹಿಂಡುಹಿಂಡಾಗಿ ಹತ್ತುವುದು. ನಿನ್ನೆಯ ಬಿರುಗಾಳಿಯಲ್ಲಿ ಬಲೆಗೆ ಬಿದ್ದ ಮೀನು ನೋಡಿ ಆಸೆಯಾಗಿ, ಇನ್ನೊಂದು ಹೊತ್ತು ಇರಲಿ ಎಂದು ಬಿಟ್ಟಿದ್ದ. ಇವತ್ತು ನೀರು ಏರಿತು. ಒಡೆಯನ ದಾರಿಗೆ ತನ್ನ ಬಲೆ ಅಡ್ಡವಾದರೆ ಮನೆಗೇ ಕೇಡೆಂದು ಹೆದರಿ, ಬೆಳಕಿರುವಾಗಲೇ ಬಿಚ್ಚಿಕೊಂಡು ಬರುತ್ತೇನೆಂದು ಹೋದವನು ಬೆಳಕು ಹೋದರೂ ಬಂದಿರಲಿಲ್ಲ.

"ಅಣ್ಣ ಓಸುಕೆ ಮನೆ ಮದುವೆಗೆ ಹೋಗಿದಾನೆ ಬಿಡಿ ಅತ್ತಿಗೆ, ಊಟ ಮುಗಿಸ್ಕೊಂಡೇ ಬರೋದು," ಎಂದ ಕಾನ್‌ಜಿ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಅತ್ತೆ ಯೊನೆ ಒಲೆಯ ಪಕ್ಕ ಕುಳಿತು, ಮರದ ಸೌಟಿನಿಂದ ನೆಲ ಬಡಿಯುತ್ತ, ಗಂಟಲು ಹರಿಯುವಂತೆ ಹಾಡುತ್ತಿದ್ದಳು. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ, ಗಾಳಿಯ ಬಿರುಕಿನಲ್ಲಿ, ತೋಮೆಗೆ ಯಾರೋ ಕರೆದಂತೆ ಕೇಳಿಸಿತು. ಹೊಳೆಯ ಕಡೆಯಿಂದ. ಒನಕೆ ಬಿತ್ತು. ಮಗುಚಿದಳು. ಮತ್ತೆ ಕೇಳಿಸಿತು. ಇಷ್ಟು ಸದ್ದಿನಲ್ಲಿ ಹೊಳೆಯಲ್ಲೊಬ್ಬ ಮನುಷ್ಯ ಕೂಗಿಕೊಂಡರೆ ಊರಲ್ಲಿ ಯಾರಿಗೆ ತಾನೇ ಗೊತ್ತಾಗಬೇಕು ಎಂಬುದು ಅವಳಿಗೆ ಆಗ ಹೊಳೆಯಿತು.

ಈ ಸಲ ಮಗುಚಿದ ಕೈಯನ್ನು ಅವಳು ತೆಗೆಯಲಿಲ್ಲ. ಕಾನ್‌ಜಿಯ ಒನಕೆ ಅವಳ ಬೆರಳುಗಳ ಮೇಲೆ ಗೇಣುದೂರದಲ್ಲಿ ನಡುಗುತ್ತ ನಿಂತಿತು.

"ಕೈ ತೆಗಿ," ಎಂದಳು ಯೊನೆ. "ಓಸುಕೆ ನಮಗೆ ಬೇಕಾದವರ ದನೀಲೇ ಕರೀತಾನೆ ಕಣೇ. ಹಾಗೇ ನನ್ನ ತಂಗೀನ ಕರಕೊಂಡು ಹೋದ."

"ಕರೀಲಿ ಅತ್ತೆ. ಇವರೇ ಆಗಿದ್ರೆ?"

ತೋಮೆ ಲಾಟೀನು ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ ನೋಡಿದರೆ ಕಾನ್‌ಜಿ ಹಗ್ಗ ಹುಡುಕುತ್ತಿದ್ದ.

ಜಿನ್‌ಸಾಕು ಬಲೆಯ ಗೂಟವನ್ನು ತಬ್ಬಿಕೊಂಡಿದ್ದ. ಕಾಲಿಗೆ ಬಲೆ ಸುತ್ತಿತ್ತು, ನೀರು ಮೂಗಿನವರೆಗೆ ಬಂದಿತ್ತು. ಮೀನುಗಳು ಅವನ ಮೈಗೆ ಡಿಕ್ಕಿ ಹೊಡೆಯುತ್ತ ಮೇಲಕ್ಕೆ ಹೋಗುತ್ತಿದ್ದವು. ಕಾನ್‌ಜಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಬಲೆ ಕೊಯ್ದ. ತೋಮೆ ಹಗ್ಗವನ್ನು ಇದ್ದಬದ್ದ ಬಲವೆಲ್ಲ ಹಾಕಿ ಎಳೆದಳು. ಕತ್ತರಿಸಿದ ಬಲೆ ಕಪ್ಪು ನೀರಿನಲ್ಲಿ ಹಾಗೇ ತೇಲಿಹೋಯಿತು.

ಒಲೆಯ ಮುಂದೆ ಕೂರಿಸಿ ಮೈ ಉಜ್ಜಿದ ಮೇಲೆ ಜಿನ್‌ಸಾಕುವಿಗೆ ಮಾತು ಬಂತು.

"ನಿನಗೆ ಹೆಂಗೆ ಗೊತ್ತಾಯ್ತು?"

"ನೀವು ಕೂಗಿದ್ದು ಕೇಳಿಸ್ತು."

ಅವನು ತಲೆ ಅಲ್ಲಾಡಿಸಿದ. "ನಾನು ಕೂಗಲಿಲ್ಲ ಕಣೇ. ಬಾಯಿ ತೆಗೆದ್ರೆ ನೀರು."

ಅಕ್ಕಪಕ್ಕದ ಮನೆಗಳು ಇನ್ನೂ ಕುಟ್ಟುತ್ತಿದ್ದವು. ಒರಳಿನಲ್ಲಿ ಅನ್ನ ಆರಿ ಗಟ್ಟಿಯಾಗಿತ್ತು, ಅದರ ಮೇಲೆ ತೋಮೆಯ ಐದು ಬೆರಳೂ ಮೂಡಿ ನಿಂತಿದ್ದವು. ಯೊನೆ ಮೆಲ್ಲಗೆ ಎದ್ದು, ಆ ಗುರುತಿನ ಅಂಚಿನಿಂದ ಒಂದು ಚೂರು ಚಿವುಟಿ, ಬಾಯಿಯ ಬಿಸಿಯುಸಿರಿಗೆ ಹಿಡಿದು ಮೆತ್ತಗೆ ಮಾಡಿದಳು. ಆಮೇಲೆ ಸೊಸೆಯ ಕೂದಲು ಸರಿಸಿ, ಹೊಳೆಯ ಕಡೆಗಿದ್ದ ಕಿವಿಯನ್ನು ಆ ಚೂರಿನಿಂದ ತನ್ನ ಕೈಯಾರೆ ಮುಚ್ಚಿದಳು.